ಬೆಂಗಳೂರಿನಲ್ಲಿ ಹೋಟೆಲ್ ಕೆಲಸ ಹುಡುಕುವವರಿಗೆ: ಆ್ಯಪ್, ಪೋರ್ಟಲ್, ವಾಟ್ಸ್‌ಆ್ಯಪ್ ಗುಂಪು, ಯಾವುದು ಯಾರಿಗೆ?

ಬೆಂಗಳೂರಿನ ಹೋಟೆಲುಗಳಿಗೆ ಬಹುಕಾಲ ಕೆಲಸದವರು ಬರುತ್ತಿದ್ದುದು ಊರಿನ ಪರಿಚಯದ ಮೂಲಕ. ಕುಂದಾಪುರ, ಉಡುಪಿ, ಕಾರ್ಕಳದ ಕಡೆಯ ಮಾಲೀಕರು ತಮ್ಮೂರಿನ ಹುಡುಗರನ್ನೇ ಕರೆಸಿಕೊಳ್ಳುತ್ತಿದ್ದರು. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮುಂದೆ ಬಂದವರ ಒಂದು ತಲೆಮಾರೇ ಇದೆ. ಆ ದಾರಿ ಇಂದಿಗೂ ಮುಚ್ಚಿಲ್ಲ. ಆದರೆ ಅಂಥ ನಂಟಿಲ್ಲದೆ ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬರುವ ಹುಡುಗ ಹುಡುಗಿಯರು ಈಗ ಮೊದಲು ನೋಡುವುದು ಮೊಬೈಲನ್ನು. ಊರಿನವರು ಕರೆಸಿಕೊಂಡಾಗ ಮಾಲೀಕರು ಎಂಥವರು, ರೂಮ್ ಹೇಗಿದೆ, ಸಂಬಳ ಯಾವ ತಾರೀಕಿಗೆ ಕೈಸೇರುತ್ತದೆ ಎಂಬುದು ಮೊದಲೇ ಗೊತ್ತಿರುತ್ತಿತ್ತು. ಆನ್‌ಲೈನ್ ಜಾಹೀರಾತಿನಲ್ಲಿ ಇವನ್ನೆಲ್ಲ ನಾವೇ ಕೇಳಿ, ಹೋಲಿಸಿ, ಲೆಕ್ಕ ಹಾಕಿ ತಿಳಿದುಕೊಳ್ಳಬೇಕಾಗುತ್ತದೆ. ಆ ಹೋಲಿಕೆಗೆ ನೆರವಾಗಲೆಂದು ಈ ಬರಹ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಿರಲಿ. ಯಾವ ತಾಣ ಒಳ್ಳೆಯದು ಎಂಬ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಉತ್ತರವಿಲ್ಲ. ದರ್ಶಿನಿಯಲ್ಲಿ ದೋಸೆ ಮಾಸ್ಟರ್ ಆಗಬಯಸುವವರು ಒಂದು ಕಡೆ ಹುಡುಕಬೇಕು, ಪಂಚತಾರಾ ಹೋಟೆಲಿನಲ್ಲಿ ಕಮಿ (ಅಡುಗೆಮನೆಯ ಆರಂಭದ ದರ್ಜೆ) ಹುದ್ದೆಗೆ ಸೇರಬಯಸುವವರು ಇನ್ನೊಂದು ಕಡೆ. ಸಪ್ಲೈಯರ್, ಕ್ಲೀನರ್, ಹೆಲ್ಪರ್, ಭಟ್ಟರು ಎಂಬ ಹೆಸರುಗಳು ನಡೆಯುವ ಅಡುಗೆಮನೆಗಳೇ ಬೇರೆ. ಸ್ಟೀವರ್ಡ್, ಕ್ಯಾಪ್ಟನ್, ಸಿಡಿಪಿ (ಶೆಫ್ ದ ಪಾರ್ಟಿ, ಅಡುಗೆಮನೆಯ ಒಂದು ವಿಭಾಗದ ಮುಖ್ಯಸ್ಥರು), ಅವರ ಕೆಳಗಿನ ಡಿಸಿಡಿಪಿ ಎಂಬ ದರ್ಜೆಗಳಿರುವ ಅಡುಗೆಮನೆಗಳೇ ಬೇರೆ. ಮೊದಲನೆಯ ಬಗೆಯವರು ಕೈಗುಣ ನೋಡಿ ಕೆಲಸ ಕೊಡುತ್ತಾರೆ, ಎರಡನೆಯವರು ಪ್ರಮಾಣಪತ್ರ ಮತ್ತು ರೆಸ್ಯೂಮೆಯನ್ನು ಮೊದಲು ಕೇಳುತ್ತಾರೆ. ಆದ್ದರಿಂದ ಹುಡುಕಾಟ ಶುರುಮಾಡುವ ಮೊದಲು ತಾವು ಹೋಗಬೇಕೆಂದಿರುವುದು ಯಾವ ಬಗೆಯ ಅಡುಗೆಮನೆಗೆ ಎಂದು ನಿರ್ಧರಿಸಿಕೊಳ್ಳುವುದು ಒಳ್ಳೆಯದು.

ಅಪ್ನಾ, ವರ್ಕ್‌ಇಂಡಿಯಾ, ಜಾಬ್ ಹೈ

ದಿನಗೂಲಿಗಿಂತ ಮೇಲಿನ, ಆದರೆ ಪದವಿ ಬೇಕಿಲ್ಲದ ಕೆಲಸಗಳಿಗಾಗಿಯೇ ರೂಪುಗೊಂಡ ಆ್ಯಪ್‌ಗಳು ಇವು. ಅಪ್ನಾ 2019ರಲ್ಲಿ ಶುರುವಾಯಿತು, ವರ್ಕ್‌ಇಂಡಿಯಾ ಅದಕ್ಕಿಂತ ಹಳೆಯದು, ಜಾಬ್ ಹೈ ನೌಕ್ರಿ ತಾಣ ನಡೆಸುವ ಸಂಸ್ಥೆಯದೇ. ಇವುಗಳ ದೊಡ್ಡ ಅನುಕೂಲವೆಂದರೆ ರೆಸ್ಯೂಮೆ ಇಲ್ಲದಿದ್ದರೂ ನಡೆಯುತ್ತದೆ. ಹೆಸರು, ಓದು, ಅನುಭವ, ಇರುವ ಬಡಾವಣೆ ಇಷ್ಟನ್ನು ತುಂಬಿದರೆ ಹತ್ತಿರದ ಕೆಲಸಗಳು ಕಾಣಿಸುತ್ತವೆ. ಅರ್ಜಿ ಹಾಕಿ ದಿನಗಟ್ಟಲೆ ಉತ್ತರಕ್ಕೆ ಕಾಯುವ ಬದಲು ಎಷ್ಟೋ ಜಾಹೀರಾತುಗಳಲ್ಲಿ ನೇರವಾಗಿ ಫೋನ್ ಮಾಡಬಹುದು. ದರ್ಶಿನಿ, ಕೆಫೆ, ಪಿಜ್ಜಾ ಮಳಿಗೆ, ಕ್ಲೌಡ್ ಕಿಚನ್ (ಡೆಲಿವರಿಗೆಂದೇ ಇರುವ ಅಡುಗೆಮನೆ), ಫುಡ್ ಕೋರ್ಟ್‌ಗಳ ಹೆಲ್ಪರ್, ಸಪ್ಲೈಯರ್, ಬಿಲ್ಲಿಂಗ್ ಕೆಲಸಗಳಿಗೆ ಮೊದಲು ನೋಡಬೇಕಾದದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಇವುಗಳ ದೌರ್ಬಲ್ಯವೂ ಅದೇ ಸಲೀಸಿನಲ್ಲಿದೆ. ಜಾಹೀರಾತು ಹಾಕುವುದು ಸುಲಭವಾದ್ದರಿಂದ ಒಂದೇ ಕೆಲಸಕ್ಕೆ ಹೋಟೆಲಿನವರು ಒಂದು ಜಾಹೀರಾತು ಹಾಕಿದರೆ, ಅದಕ್ಕೆ ಆಳು ಒದಗಿಸುವ ಏಜೆನ್ಸಿಗಳು ಇನ್ನಷ್ಟು ಹಾಕಿರುತ್ತವೆ. ಸಂಬಳವನ್ನು ‘15,000ದಿಂದ 28,000’ ಎಂಬ ರೀತಿಯಲ್ಲಿ ತೋರಿಸಿದ್ದರೆ ಕೆಳಗಿನ ಅಂಕಿಯನ್ನೇ ನಿಜವಾದ ಸಂಬಳವೆಂದು ತಿಳಿಯಬೇಕು. ಮೇಲಿನ ಅಂಕಿಯಲ್ಲಿ ಇನ್ಸೆಂಟಿವ್, ಓವರ್‌ಟೈಮ್, ಕೆಲವೊಮ್ಮೆ ಟಿಪ್ಸ್ ಕೂಡ ಸೇರಿರುತ್ತದೆ. ಫೋನ್ ಎತ್ತಿದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: ‘ಸರ್, ತಾವು ಹೋಟೆಲಿನವರೋ ಏಜೆನ್ಸಿಯವರೋ? ನನಗೆ ಸಂಬಳ ಕೊಡುವವರು ಯಾರು?’ ಈ ಪ್ರಶ್ನೆಗೆ ನೇರವಾದ ಉತ್ತರ ಬಂದರೆ ಮುಂದಿನ ಮಾತು.

ಏಜೆನ್ಸಿ ಎಂದಾಕ್ಷಣ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಐಟಿ ಪಾರ್ಕುಗಳ ಕ್ಯಾಂಟೀನ್, ಆಸ್ಪತ್ರೆಯ ಅಡುಗೆಮನೆ, ದೊಡ್ಡ ಕೇಟರಿಂಗ್ ಕಂಪನಿಗಳಲ್ಲಿ ಬಹಳಷ್ಟು ಜನ ಗುತ್ತಿಗೆಯ ಮೇಲೆಯೇ ಕೆಲಸ ಮಾಡುತ್ತಾರೆ, ಮತ್ತು ಅಲ್ಲಿ ಪಿ.ಎಫ್. (ಭವಿಷ್ಯ ನಿಧಿ), ಇ.ಎಸ್.ಐ. (ಕಾರ್ಮಿಕರ ಆರೋಗ್ಯ ವಿಮೆ) ಸರಿಯಾಗಿ ಕಟ್ಟುವವರಿದ್ದಾರೆ. ಅಂಥ ಕಡೆ ಸೇರಿದರೆ ಪಿ.ಎಫ್.ಗೆ ಸಂಬಂಧಿಸಿದ ತಮ್ಮ ಯು.ಎ.ಎನ್. ಸಂಖ್ಯೆಯನ್ನು ಕೇಳಿ ಪಡೆದು, ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿ.ಎಫ್. ಪಾಸ್‌ಬುಕ್ ನೋಡುತ್ತಿರಬೇಕು. ಸಂಬಳದ ಚೀಟಿಯಲ್ಲಿ ಕಡಿತವಾದ ಹಣ ಪಾಸ್‌ಬುಕ್ಕಿನಲ್ಲಿ ಕಾಣದಿದ್ದರೆ ಆ ಏಜೆನ್ಸಿಯ ಬಗ್ಗೆ ಬೇರೆ ಸಾಕ್ಷಿ ಬೇಕಿಲ್ಲ.

ನೌಕ್ರಿ, ಇಂಡೀಡ್, ಲಿಂಕ್ಡ್‌ಇನ್ ಮತ್ತು ಕಂಪನಿಗಳ ಸ್ವಂತ ಪುಟಗಳು

ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಅಥವಾ ಪದವಿ ಇದ್ದವರಿಗೆ, ಇಲ್ಲವೇ ಕೆಲವು ವರ್ಷ ಒಂದೇ ಕಡೆ ದುಡಿದು ಕ್ಯಾಪ್ಟನ್, ಸಿಡಿಪಿ, ಔಟ್‌ಲೆಟ್ ಮ್ಯಾನೇಜರ್ ಮಟ್ಟಕ್ಕೆ ಏರಬಯಸುವವರಿಗೆ ಈ ತಾಣಗಳು ಹೊಂದುತ್ತವೆ. ಇವುಗಳಲ್ಲಿ ನಡೆಯುವುದು ಪದಗಳ ಹುಡುಕಾಟ. ‘ಅಡುಗೆ ಚೆನ್ನಾಗಿ ಬರುತ್ತದೆ’ ಎಂದು ಬರೆದ ರೆಸ್ಯೂಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ‘ಸೌತ್ ಇಂಡಿಯನ್ ಸೆಕ್ಷನ್, ಬಲ್ಕ್ ಕುಕಿಂಗ್, ಬಫೆ, ಇಂಡೆಂಟ್ ಮತ್ತು ಸ್ಟಾಕ್ ನಿರ್ವಹಣೆ’ ಎಂದು ವಿಭಾಗದ ಹೆಸರು ಹಿಡಿದು ಬರೆದದ್ದು ಬೀಳುತ್ತದೆ. ದಿನಕ್ಕೆ ಎಷ್ಟು ಜನಕ್ಕೆ ಅಡುಗೆ ಮಾಡಿದ ಅನುಭವ, ಯಾವ ಉಪಕರಣಗಳ ಮೇಲೆ ಕೈಯಾಡಿದೆ, ಬಿಲ್ಲಿಂಗ್‌ಗೆ ಯಾವ ಸಾಫ್ಟ್‌ವೇರ್ ಬಳಸಿದ್ದೀರಿ ಎಂಬ ವಿವರಗಳೂ ಇರಲಿ. ರೆಸ್ಯೂಮೆಯನ್ನು ಎಲ್ಲರಿಗಿಂತ ಮೊದಲು ತೋರಿಸುವುದಾಗಿ ಹೇಳಿ ಹಣ ಕೇಳುವ ಸೇವೆಗಳೂ ಇಲ್ಲಿ ಸಿಗುತ್ತವೆ. ಅಡುಗೆಮನೆಯ ಕೆಲಸಕ್ಕೆ ಅವುಗಳ ಅಗತ್ಯವಿಲ್ಲವೆಂದೇ ನನ್ನ ಭಾವನೆ.

ತಾಜ್, ಐಟಿಸಿ, ಮ್ಯಾರಿಯಟ್‌ನಂಥ ಹೋಟೆಲುಗಳಿಗೂ ಡಾಮಿನೋಸ್, ಸ್ಟಾರ್‌ಬಕ್ಸ್‌ನಂಥ ಸರಣಿ ಮಳಿಗೆಗಳಿಗೂ ತಮ್ಮದೇ ಉದ್ಯೋಗ ಪುಟಗಳಿವೆ. ಪೋರ್ಟಲ್‌ನಲ್ಲಿ ಇಂಥ ಹೆಸರು ಕಂಡರೆ, ಅಲ್ಲಿಂದಲೇ ಅರ್ಜಿ ಹಾಕದೆ ಅದೇ ಕೆಲಸ ಕಂಪನಿಯ ಪುಟದಲ್ಲಿಯೂ ಇದೆಯೇ ಎಂದು ನೋಡಿ ಅಲ್ಲಿಯೇ ಹಾಕುವುದು ಉತ್ತಮ. ದೊಡ್ಡ ಹೆಸರಿನ ನೆರಳಿನಲ್ಲಿ ನಕಲಿ ಜಾಹೀರಾತುಗಳು ಹೆಚ್ಚು. ನೇಮಕಾತಿ ಪತ್ರ ಜಿಮೇಲ್ ವಿಳಾಸದಿಂದ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಕಾಲೇಜಿನಿಂದ ಹೊಸದಾಗಿ ಹೊರಬಂದವರು ದೊಡ್ಡ ಹೋಟೆಲುಗಳ ಟ್ರೇನಿ ಯೋಜನೆಗಳನ್ನು ಗಮನಿಸಬೇಕು. ಮೊದಲ ವರ್ಷದ ಸಂಬಳ ದರ್ಶಿನಿಯ ಒಳ್ಳೆಯ ಮಾಸ್ಟರ್ ಸಂಬಳಕ್ಕಿಂತ ಕಡಿಮೆ ಇದ್ದರೂ ಮುಂದಿನ ಏಣಿ ಅಲ್ಲಿ ಉದ್ದವಾಗಿದೆ.

ವಾಟ್ಸ್‌ಆ್ಯಪ್ ಮತ್ತು ಫೇಸ್‌ಬುಕ್ ಗುಂಪುಗಳು

‘ಅರ್ಜೆಂಟ್ ಬೇಕಾಗಿದ್ದಾರೆ. ಸೌತ್ ಇಂಡಿಯನ್ ಮಾಸ್ಟರ್ 1, ಚೈನೀಸ್ ಮಾಸ್ಟರ್ 1, ಪರೋಟ ಮಾಸ್ಟರ್ 1, ಸಪ್ಲೈಯರ್ 4, ಕ್ಲೀನರ್ 2. ಊಟ, ರೂಮ್ ಫ್ರೀ. ಕುಡಿಯುವವರು ದಯವಿಟ್ಟು ಕರೆ ಮಾಡಬೇಡಿ.’ ಹೋಟೆಲ್ ಕೆಲಸದವರ ಗುಂಪುಗಳಲ್ಲಿ ಬರುವ ಸಂದೇಶಗಳ ಧಾಟಿ ಹೀಗಿರುತ್ತದೆ. ಅನುಭವವಿರುವ ಮಾಸ್ಟರುಗಳಿಗೆ ಇದಕ್ಕಿಂತ ವೇಗದ ದಾರಿ ಇನ್ನೊಂದಿಲ್ಲ. ಬೆಳಿಗ್ಗೆ ಮಾಸ್ಟರ್ ಕೈಕೊಟ್ಟ ಹೋಟೆಲಿಗೆ ಸಂಜೆಯೊಳಗೆ ಇನ್ನೊಬ್ಬರು ಬೇಕು, ಹೀಗಾಗಿ ಸಂಬಳದಲ್ಲಿ ಚೌಕಾಸಿಗೂ ಅವಕಾಶವಿರುತ್ತದೆ.

ಹೊಸಬರಿಗೆ ಮಾತ್ರ ಈ ದಾರಿಯನ್ನು ನಾನು ಕೊನೆಯಲ್ಲಿಡುತ್ತೇನೆ. ಸಂದೇಶ ಗುಂಪಿನಿಂದ ಗುಂಪಿಗೆ ದಾಟುತ್ತಾ ಬಂದಿರುವುದರಿಂದ ಯಾವಾಗ, ಯಾರು ಹಾಕಿದ್ದೆಂದು ತಿಳಿಯುವುದಿಲ್ಲ, ದೂರು ಕೊಡಲು ನಡುವೆ ಯಾವ ಸಂಸ್ಥೆಯೂ ಇರುವುದಿಲ್ಲ. ಒಂದು ಹೋಟೆಲಿಗೆ ಒಂದೇ ಸಲ ಇಡೀ ಸಿಬ್ಬಂದಿ ಬೇಕೆಂದರೆ ಅದಕ್ಕೊಂದು ಕಾರಣವಿರಬೇಕು. ಹೊಸದಾಗಿ ತೆರೆಯುತ್ತಿರಬಹುದು, ಇಲ್ಲವೇ ಸಂಬಳ ಸಿಗದೆ ಎಲ್ಲರೂ ಒಟ್ಟಿಗೆ ಬಿಟ್ಟುಹೋಗಿರಬಹುದು. ಆ ಬೀದಿಯ ಬೇಕರಿಯಲ್ಲೋ ಪಕ್ಕದ ಹಣ್ಣಿನ ಅಂಗಡಿಯಲ್ಲೋ ವಿಚಾರಿಸಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ.

‘ಹೋಟೆಲ್ ಕೆಲಸ, ಮನೆಯಿಂದಲೇ, ದಿನಕ್ಕೆ ಎರಡು ಸಾವಿರ’ ಎಂಬ ಸಂದೇಶಗಳು ಕೆಲಸದ ಜಾಹೀರಾತುಗಳೇ ಅಲ್ಲ. ಗೂಗಲ್ ಮ್ಯಾಪ್‌ನಲ್ಲಿ ರೆಸ್ಟೋರೆಂಟುಗಳಿಗೆ ಸ್ಟಾರ್ ಕೊಡಿ ಎಂದು ಹೇಳಿ, ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೇ ಹಾಕಿ, ಆಮೇಲೆ ಟೆಲಿಗ್ರಾಮ್ ಗುಂಪಿಗೆ ಸೇರಿಸಿ ‘ಟಾಸ್ಕ್’ಗಾಗಿ ಹಣ ಕಟ್ಟಿಸಿಕೊಳ್ಳುವ ವಂಚನೆಯಿದು. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಸರ್ಕಾರದ ತಾಣಗಳು

ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕರಿಯರ್ ಸರ್ವಿಸ್ 2015ರಿಂದ ನಡೆಯುತ್ತಿದೆ, ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ತಾಣವೂ ಇದೆ. ಎರಡೂ ಉಚಿತ. ನೋಂದಾಯಿಸಿಕೊಂಡರೆ ನಷ್ಟವೇನೂ ಇಲ್ಲ, ಜಿಲ್ಲೆಗಳಲ್ಲಿ ನಡೆಯುವ ಉದ್ಯೋಗ ಮೇಳಗಳ ಮಾಹಿತಿ ಸಿಗುತ್ತದೆ. ಆದರೆ ಸಣ್ಣ ಹೋಟೆಲಿನವರು ಇಲ್ಲಿ ಜಾಹೀರಾತು ಹಾಕುವುದು ಕಡಿಮೆಯಾದ್ದರಿಂದ ಇದೊಂದನ್ನೇ ನೆಚ್ಚಿ ಕೂರುವಂತಿಲ್ಲ.

ಎರಡು ಜಾಹೀರಾತುಗಳ ನಡುವೆ ಲೆಕ್ಕ

ತಾಣದ ಆಯ್ಕೆಗಿಂತ ಹೆಚ್ಚು ಜನ ಎಡವುವುದು ಸಂಬಳದ ಲೆಕ್ಕದಲ್ಲಿ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮೊದಲ ಜಾಹೀರಾತು ದರ್ಶಿನಿಯದು: ತಿಂಗಳಿಗೆ 15,000 ರೂಪಾಯಿ, ಊಟ ಮತ್ತು ರೂಮ್ ಹೋಟೆಲಿನದೇ, ದಿನಕ್ಕೆ 12 ಗಂಟೆ, ನಡುವೆ 2 ಗಂಟೆ ಬಿಡುವು, ತಿಂಗಳಿಗೆ 2 ರಜೆ, ಪಿ.ಎಫ್. ಇಲ್ಲ. ಎರಡನೆಯದು ಸರಣಿ ಕೆಫೆಯದು: 20,000 ರೂಪಾಯಿ, ವಸತಿ ಇಲ್ಲ, ಬಿಡುವೂ ಸೇರಿ 9 ಗಂಟೆಯ ಶಿಫ್ಟ್, ವಾರಕ್ಕೊಂದು ರಜೆ, ಪಿ.ಎಫ್. ಮತ್ತು ಇ.ಎಸ್.ಐ. ಇದೆ.

ಎರಡನೆಯದರಲ್ಲಿ 15,000 ರೂಪಾಯಿಯ ಮೂಲವೇತನಕ್ಕೆ ಶೇ. 12ರಂತೆ 1,800 ರೂಪಾಯಿ ಪಿ.ಎಫ್., ಒಟ್ಟು ಸಂಬಳಕ್ಕೆ ಶೇ. 0.75ರಂತೆ 150 ರೂಪಾಯಿ ಇ.ಎಸ್.ಐ. ಕಡಿತವಾದರೆ ಕೈಗೆ ಬರುವುದು 18,050. ಊಟವಿರುವ ಪಿಜಿಗೆ 7,000, ಬಸ್ಸಿಗೆ 1,000 ಎಂದಿಟ್ಟುಕೊಂಡರೆ ಉಳಿಯುವುದು 10,050. ಮೊದಲನೆಯದರಲ್ಲಿ 15,000 ಪೂರ್ತಿ ಕೈಯಲ್ಲಿದೆ. ಊರಿನಲ್ಲಿ ಸಾಲದ ಕಂತು ಕಟ್ಟಬೇಕಾದ ಹುಡುಗ ದರ್ಶಿನಿಯನ್ನೇ ಆರಿಸಿಕೊಂಡರೆ ತಪ್ಪೆನ್ನಲಾಗದು.

ಈಗ ಗಂಟೆಗಳನ್ನು ಎಣಿಸಿ. ದರ್ಶಿನಿಯಲ್ಲಿ ಬಿಡುವು ಕಳೆದು ದಿನಕ್ಕೆ 10 ಗಂಟೆಯಂತೆ 28 ದಿನಕ್ಕೆ 280 ಗಂಟೆ. ಗಂಟೆಗೆ ಸಿಕ್ಕಿದ್ದು ಸುಮಾರು 54 ರೂಪಾಯಿ. ಕೆಫೆಯಲ್ಲಿ ಒಂದು ಗಂಟೆಯ ಬಿಡುವು ಕಳೆದು 8 ಗಂಟೆಯಂತೆ 26 ದಿನಕ್ಕೆ 208 ಗಂಟೆ. ಕೈಯಲ್ಲುಳಿದ 10,050ಕ್ಕೆ ತಮ್ಮ ಪಿ.ಎಫ್. 1,800ನ್ನೂ ಮಾಲೀಕರು ಸೇರಿಸುವ 1,800ನ್ನೂ ಕೂಡಿದರೆ 13,650, ಅಂದರೆ ಗಂಟೆಗೆ ಸುಮಾರು 66 ರೂಪಾಯಿ. ಮಾಲೀಕರ ಪಾಲಿನಲ್ಲಿ ಒಂದು ಭಾಗ ಪಿಂಚಣಿ ಖಾತೆಗೆ ಹೋಗುವುದರಿಂದ ಅದು ತಕ್ಷಣ ಸಿಗುವ ಹಣವಲ್ಲ, ಆದರೂ ನಮ್ಮದೇ. ಇದರ ಮೇಲೆ ಇ.ಎಸ್.ಐ. ಆಸ್ಪತ್ರೆಯ ಚಿಕಿತ್ಸೆ ಕುಟುಂಬಕ್ಕೂ ಸಿಗುತ್ತದೆ. ಮಿಕ್ಕ ಸಮಯದಲ್ಲಿ ಓದಬೇಕು, ಮುಂದೆ ಮೇಲಿನ ಹುದ್ದೆಗೆ ಹೋಗಬೇಕು, ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇದ್ದಾರೆ ಎನ್ನುವವರಿಗೆ ನಾನು ಕೆಫೆಯನ್ನೇ ಸೂಚಿಸುತ್ತೇನೆ. ಅಂಕಿಗಳು ಬಡಾವಣೆಗೆ ತಕ್ಕಂತೆ ಬದಲಾಗುತ್ತವೆ, ಆದರೆ ಕಾಗದ ಪೆನ್ನು ಹಿಡಿದು ಈ ಲೆಕ್ಕವನ್ನು ಒಮ್ಮೆ ಹಾಕದೆ ಯಾವ ಕೆಲಸಕ್ಕೂ ಒಪ್ಪಿಗೆ ಕೊಡಬೇಡಿ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದು. ಅದರಂತೆ ಸಾಮಾನ್ಯವಾಗಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸದ ಮಿತಿ, ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ. ಮೇಲಿನ ದರ್ಶಿನಿಯ ಉದಾಹರಣೆ ಈ ಮಿತಿಯನ್ನು ಮೀರಿದ್ದು ಗಮನಕ್ಕೆ ಬಂದಿರಬಹುದು. ‘12 ಗಂಟೆ ಡ್ಯೂಟಿ’ ಎಂಬ ಸಾಲು ಜಾಹೀರಾತುಗಳಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ ಹೊಸಬರು ಅದನ್ನೇ ನಿಯಮವೆಂದು ನಂಬಿಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಒಲೆಯ ಮುಂದೆ ನಿಂತು ದುಡಿಯುವವರ ಕಾಲು, ಸೊಂಟ ಎಷ್ಟು ಬೇಗ ಸವೆಯುತ್ತವೆ ಎಂಬುದು ಆ ಕೆಲಸ ಮಾಡಿದವರಿಗೆಲ್ಲ ಗೊತ್ತು. ಬೆಳಗಿನ ತಿಂಡಿಗೊಮ್ಮೆ, ರಾತ್ರಿ ಊಟಕ್ಕೊಮ್ಮೆ ಬರಬೇಕಾದ ಬ್ರೇಕ್ ಶಿಫ್ಟ್ ಆಗಿದ್ದರೆ ರೂಮ್ ಹೋಟೆಲಿಗೆ ನಡೆದುಹೋಗುವಷ್ಟು ಹತ್ತಿರವಿದೆಯೇ ಎಂದು ಕೇಳಲೇಬೇಕು. ಇಲ್ಲದಿದ್ದರೆ ನಡುವಿನ ಬಿಡುವು ಬಸ್ಸಿನಲ್ಲಿಯೇ ಕಳೆದುಹೋಗುತ್ತದೆ.

ಬಾರ್ ಮತ್ತು ದೊಡ್ಡ ರೆಸ್ಟೋರೆಂಟುಗಳ ಜಾಹೀರಾತಿನಲ್ಲಿ ‘ಸಂಬಳ ಮತ್ತು ಸರ್ವೀಸ್ ಚಾರ್ಜ್’ ಎಂದಿರುವುದುಂಟು. ಸರ್ವೀಸ್ ಚಾರ್ಜನ್ನು ಗ್ರಾಹಕರ ಬಿಲ್ಲಿಗೆ ಕಡ್ಡಾಯವಾಗಿ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಹೀಗಾಗಿ ಆ ಆದಾಯವನ್ನು ಖಚಿತವೆಂದು ನಂಬಿ ಮನೆ ಬಾಡಿಗೆ ಗೊತ್ತುಮಾಡಿಕೊಳ್ಳಬಾರದು. ಖಚಿತ ಸಂಬಳ ಎಷ್ಟೆಂದು ಕೇಳಿ, ಅದನ್ನಷ್ಟೇ ಹೋಲಿಕೆಗೆ ತೆಗೆದುಕೊಳ್ಳಿ.

ಹೆಣ್ಣುಮಕ್ಕಳು ಇನ್ನೂ ಎರಡು ವಿಷಯ ಕೇಳಬೇಕು. ‘ರೂಮ್ ಫ್ರೀ’ ಎಂಬುದು ಅನೇಕ ಕಡೆ ಗಂಡಸರಿಗೆ ಮಾತ್ರ. ಹೆಂಗಸರಿಗೆ ಪ್ರತ್ಯೇಕ ವಸತಿ ಇದೆಯೇ ಎಂಬುದು ಮೊದಲನೆಯದು, ರಾತ್ರಿ ಪಾಳಿ ಮುಗಿದ ಮೇಲೆ ಮನೆ ತಲುಪಿಸುವ ವಾಹನವಿದೆಯೇ ಎಂಬುದು ಎರಡನೆಯದು. ‘ನೋಡೋಣ ಬನ್ನಿ’ ಎಂಬ ಉತ್ತರ ಬಂದರೆ ಇಲ್ಲವೆಂದೇ ತಿಳಿಯಬೇಕು.

ಹೊರಡುವ ಮೊದಲು ಪರಿಶೀಲನೆ

ಹೋಟೆಲ್ ನಿಜವಾಗಿ ಇದೆಯೇ, ಯಾರ ಹೆಸರಿನಲ್ಲಿದೆ ಎಂದು ತಿಳಿಯಲು ಹೆಚ್ಚಿನವರು ಬಳಸದ ಒಂದು ಸುಲಭ ದಾರಿಯಿದೆ. ಪ್ರತಿ ಹೋಟೆಲಿಗೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರಬೇಕು. ಅದು ಬಿಲ್ಲಿನ ಮೇಲೂ, ಸ್ವಿಗ್ಗಿ, ಜೊಮ್ಯಾಟೊಗಳಲ್ಲಿ ಆ ಹೋಟೆಲಿನ ಪುಟದ ಕೊನೆಯಲ್ಲೂ ಕಾಣುತ್ತದೆ. ಅದನ್ನು ಆ ಪ್ರಾಧಿಕಾರದ ಫೋಸ್ಕೋಸ್ (FoSCoS) ತಾಣದಲ್ಲಿ ಹಾಕಿದರೆ ಸಂಸ್ಥೆಯ ಹೆಸರು ಮತ್ತು ವಿಳಾಸ ಸಿಗುತ್ತದೆ. ಜಾಹೀರಾತಿನಲ್ಲಿರುವ ಹೆಸರಿಗೂ ಇದಕ್ಕೂ ತಾಳೆಯಾಗದಿದ್ದರೆ ಕಾರಣ ಕೇಳಿ. ಇದೇ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಅಡುಗೆ ಮತ್ತು ಬಡಿಸುವ ಸಿಬ್ಬಂದಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಗೆ ವ್ಯವಸ್ಥೆ ಮಾಡುವ ಹೊಣೆ ಹೋಟೆಲಿನದು. ಆದ್ದರಿಂದ ಕೆಲಸ ಕೊಡುವ ಮೊದಲೇ ‘ಮೆಡಿಕಲ್‌ಗೆ ಎರಡು ಸಾವಿರ ಗೂಗಲ್ ಪೇ ಮಾಡಿ’ ಎಂಬ ಮಾತು ಬಂದರೆ ಫೋನ್ ಇಟ್ಟುಬಿಡಬಹುದು. ನೋಂದಣಿ ಶುಲ್ಕ, ಯೂನಿಫಾರ್ಮ್ ಡೆಪಾಸಿಟ್ ಹೀಗೆ ಯಾವ ಹೆಸರಿನಲ್ಲಿ ಕೇಳಿದರೂ ಉತ್ತರ ಅದೇ.

ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಕಳುಹಿಸಿದರೆ ಸಾಕು. ಅಂಕಪಟ್ಟಿಯ ಮೂಲಪ್ರತಿಯನ್ನು ತೋರಿಸಬಹುದೇ ಹೊರತು ಒಪ್ಪಿಸಬಾರದು. ಮಾಸ್ಟರುಗಳಿಗೆ ಟ್ರಯಲ್ ಕೊಡಿಸುವುದು ವಾಡಿಕೆ. ಒಂದು ಹೊತ್ತು ಎರಡು ಬಗೆ ಚಟ್ನಿ, ಸಾಂಬಾರು, ದೋಸೆ ಮಾಡಿಸಿ ನೋಡುವುದು ನ್ಯಾಯವೇ. ಸಂಬಳವಿಲ್ಲದೆ ಮೂರು ದಿನ, ವಾರ ಎಂದರೆ ಅದು ಟ್ರಯಲ್ ಅಲ್ಲ, ದುಡಿಮೆ. ಸೇರುವ ದಿನ ನೇಮಕಾತಿ ಪತ್ರ ಕೇಳಿ. ಸಣ್ಣ ಹೋಟೆಲಿನವರು ಪತ್ರ ಕೊಡಲು ಹಿಂಜರಿದರೆ ಒಪ್ಪಿದ ಸಂಬಳ, ರಜೆ, ಸಂಬಳದ ತಾರೀಕು ಇಷ್ಟನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳುಹಿಸಿ ‘ಸರಿ’ ಎನ್ನಿಸಿಕೊಂಡಿರಿ. ಮುಂದೆ ತಕರಾರು ಬಂದರೆ ಕಾರ್ಮಿಕ ಇಲಾಖೆಯಲ್ಲಿ ತೋರಿಸಲು ಅಷ್ಟಾದರೂ ಇರುತ್ತದೆ.

ಕೊಲ್ಲಿ ದೇಶಗಳ ಜಾಹೀರಾತುಗಳು

ದುಬೈ, ದೋಹಾ, ಮಸ್ಕತ್‌ಗಳ ದಕ್ಷಿಣ ಭಾರತೀಯ ಹೋಟೆಲುಗಳಿಗೆ ದೋಸೆ ಮಾಸ್ಟರ್ ಬೇಕೆಂಬ ಜಾಹೀರಾತುಗಳು ಕರಾವಳಿಯ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಇಲ್ಲಿ ಹೋಲಿಕೆಯ ಮೊದಲ ಅಂಶ ಸಂಬಳವಲ್ಲ, ಏಜೆಂಟರ ನೋಂದಣಿ. 1983ರ ವಲಸೆ ಕಾಯಿದೆಯಂತೆ ನೋಂದಾಯಿತ ಏಜೆಂಟರು ಮಾತ್ರ ವಿದೇಶಕ್ಕೆ ಆಳು ಕಳುಹಿಸಬಹುದು. ಅವರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿದೆ. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಯುಎಇಯಲ್ಲಂತೂ ನೇಮಕಾತಿಯ ವೆಚ್ಚವನ್ನು ಕಾರ್ಮಿಕರಿಂದ ವಸೂಲಿ ಮಾಡುವುದನ್ನು ಅಲ್ಲಿನ ಕಾನೂನೇ ನಿಷೇಧಿಸಿದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್ (ವಲಸೆ ಅನುಮತಿ ಬೇಕು ಎಂಬ ಗುರುತು) ಅನ್ವಯವಾಗುತ್ತದೆ. ಅಂಥವರು ಯುಎಇ, ಸೌದಿ, ಕತಾರ್, ಕುವೈತ್, ಒಮಾನ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ವಲಸೆ ಅನುಮತಿ ಪಡೆಯಲೇಬೇಕು, ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯನ್ನೂ ಮಾಡಿಸಬೇಕು. ಇದಕ್ಕೆ ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಸಾವು ಸಂಭವಿಸಿದರೆ ಕುಟುಂಬಕ್ಕೆ 10 ಲಕ್ಷ.

‘ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಬನ್ನಿ, ಅಲ್ಲಿ ಬದಲಾಯಿಸಿಕೊಡುತ್ತೇವೆ’ ಎಂಬ ಜಾಹೀರಾತನ್ನು ಎಷ್ಟೇ ದೊಡ್ಡ ಸಂಬಳ ತೋರಿಸಿದರೂ ಹೋಲಿಕೆಯ ಪಟ್ಟಿಯಿಂದಲೇ ತೆಗೆದುಹಾಕಿ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸಂಬಳ ಕೊಡದಿದ್ದರೂ ದೂರು ಕೊಡಲು ಹೋದವರೇ ಸಿಕ್ಕಿಬೀಳುತ್ತಾರೆ. ಉಳಿದ ಜಾಹೀರಾತುಗಳಲ್ಲಿ ಉದ್ಯೋಗ ಕರಾರಿನ ಪ್ರತಿಯನ್ನು ಇಲ್ಲಿಂದ ಹೊರಡುವ ಮೊದಲೇ ಪಡೆದು, ಅದರಲ್ಲಿರುವ ಹುದ್ದೆ ‘ಕುಕ್’ ಎಂದಿದೆಯೋ ‘ಕ್ಲೀನರ್’ ಎಂದಿದೆಯೋ ಎಂದು ನೋಡಿ, ಒಂದು ಪ್ರತಿಯನ್ನು ಮನೆಯವರ ಬಳಿ ಬಿಟ್ಟು ಹೊರಡಿ.